ಗ್ಯಾರಂಟಿ ಬಂದ ಮೇಲೆ ಮನೆ ಖರ್ಚು: ದಾವಣಗೆರೆಯಿಂದ ಒಂದು ರಿವ್ಯೂ

ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ನನ್ನ ಜಾಸ್ತಿ ಮಾರ್ಕು ಫ್ರೀ ಕರೆಂಟಿನ ಗೃಹಜ್ಯೋತಿಗೆ, ಆದರೆ ಫುಲ್ ಮಾರ್ಕು ಕೊಡಲ್ಲ. 200 ಯೂನಿಟ್ ಫ್ರೀ ಅಂತ ಎಲ್ಲರೂ ಹೇಳುತ್ತಾರೆ, ಅದು ಮೇಲಿನ ಮಿತಿ ಅಷ್ಟೇ. 2022-23ರಲ್ಲಿ ನೀವು ಎಷ್ಟು ಕರೆಂಟ್ ಬಳಸಿದ್ದಿರೋ ಅದರ ಸರಾಸರಿ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಪಾಲು ಲೆಕ್ಕ ಹಾಕುತ್ತಾರೆ. ಅದು ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಅಂದರೆ ಆಗ ಹಿತಮಿತವಾಗಿ ಬಳಸಿದವರಿಗೇ ಈಗ ಕಡಿಮೆ! ನಮ್ಮೂರ ಬೇಸಿಗೆಯಲ್ಲಿ ಕೂಲರ್ ಹಾಕದೆ ಇರೋಕಾಗುತ್ತಾ?

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಹರಿಹರಕ್ಕೋ ಚಿತ್ರದುರ್ಗಕ್ಕೋ ದಿನಾ ಕೆಲಸಕ್ಕೆ ಹೋಗುವ ಹೆಂಗಸರಿಗೆ ನಿಜಕ್ಕೂ ದುಡ್ಡು ಉಳಿಯುತ್ತದೆ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗಳಿಗೆ ಖಾಸಗಿ ಬಸ್ಸೇ ಗತಿ, ಅಲ್ಲಿ ಆಧಾರ್ ತೋರಿಸಿದರೆ ಕಂಡಕ್ಟರ್ ನಗುತ್ತಾನೆ. 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇ 15 ಏರಿತು, ಅದರ ಹೊರೆ ಗಂಡಸರ ಜೇಬಿಗೆ.

ಮನೆ ಯಜಮಾನಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ದಿನಸಿ ಅಂಗಡಿ ಬಾಕಿ ತೀರುತ್ತದೆ. ಬಂದರೆ, ಅಲ್ವಾ! ಕಂತು ತಡವಾದರೆ ಲೆಕ್ಕವೆಲ್ಲ ತಲೆಕೆಳಗು.

ಮುಂದಿನ ಸಲ ವೋಟು ಕೇಳಲು ಬರುವವರು ಸುಮ್ನೆ ಇನ್ನೊಂದು ಸಾವಿರ ಜಾಸ್ತಿ ಕೊಡ್ತೀವಿ ಅನ್ನುವುದು ಬೇಡ. ಹಳ್ಳಿ ರೂಟಿಗೆ ಸರ್ಕಾರಿ ಬಸ್ ಬಿಡಲಿ. ತುಂಗಭದ್ರೆ ಹತ್ತಿರದಲ್ಲೇ ಹರಿಯುತ್ತಾಳೆ, ನಲ್ಲಿಯಲ್ಲಿ ನೀರು ಯಾವತ್ತು, ಎಷ್ಟೊತ್ತಿಗೆ ಬರುತ್ತದೆ ಅಂತ ಮೊದಲೇ ತಿಳಿಸುವ ವ್ಯವಸ್ಥೆ ಮಾಡಲಿ. ಅದಕ್ಕಾದರೆ ನಾನು ಐದಕ್ಕೆ ಐದು ಕೊಡುತ್ತೇನೆ.