ಫರ್ಸಿ ಗೋಡೆ ಎದುರು ಟ್ರೇಲ್ ಕ್ಯಾಮೆರಾ ಕಟ್ಟಬೇಡಿ

ನಮ್ಮ ಹಿತ್ತಲಿನ ಪಪ್ಪಾಯಿಯನ್ನು ರಾತ್ರಿ ಏನೋ ಬಂದು ತಿಂದು ಹೋಗುತ್ತಿತ್ತು. ಹಣ್ಣಾದದ್ದಷ್ಟೇ, ಕಾಯಿ ಮುಟ್ಟುತ್ತಿರಲಿಲ್ಲ. "ಹೆಗ್ಗಣ ಇರ್ಬೇಕು ತೊಗೊ" ಅಂದಳು ಅವ್ವ. ನನಗೆ ಸಮಾಧಾನ ಆಗಲಿಲ್ಲ, ಏಪ್ರಿಲ್‌ನಲ್ಲಿ 6,800 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಟ್ರೇಲ್ ಕ್ಯಾಮೆರಾ ತರಿಸಿದೆ. ಪ್ರಾಣಿ ಎದುರಿಗೆ ಬಂದರೆ ತಾನಾಗೇ ಫೋಟೋ ಹೊಡೆಯುವ ಡಬ್ಬಿ. ಕಂಪನಿ ಹೆಸರು ಬೇಡ ಬಿಡಿ.

ಮೊದಲು ಬೈದುಬಿಡುತ್ತೇನೆ. ಡಬ್ಬಿ ಮೇಲೆ 48 ಮೆಗಾಪಿಕ್ಸೆಲ್ ಅಂತ ದೊಡ್ಡದಾಗಿ ಬರೆದಿದ್ದಾರೆ. ಒಳಗಿನ ಸೆನ್ಸರ್ ಕೆಲವೇ ಮೆಗಾಪಿಕ್ಸೆಲ್‌ದು, ಉಳಿದದ್ದೆಲ್ಲ ಸಾಫ್ಟ್‌ವೇರ್ ಹಿಗ್ಗಿಸಿದ್ದು. ಇದರಿಂದ ಆಗುವುದು ಒಂದೇ, ಕಾರ್ಡ್ ಬೇಗ ತುಂಬುತ್ತದೆ. ನಾನು ಸೆಟ್ಟಿಂಗ್ ಇಳಿಸಿಬಿಟ್ಟೆ, ಫೋಟೋದಲ್ಲಿ ಏನೂ ಫರಕ್ ಕಾಣಲಿಲ್ಲ.

ಕಲಬುರಗಿಯವರು ನೋಡಬೇಕಾದದ್ದು ಬೇರೆಯೇ ಇದೆ. ಈ ಕ್ಯಾಮೆರಾ ಎಚ್ಚರ ಆಗುವುದು ಪ್ರಾಣಿಯ ಮೈ ಬಿಸಿಯಿಂದ, ಅದೂ ಹಿಂದಿನ ಜಾಗಕ್ಕೂ ಆ ಮೈಗೂ ಬಿಸಿಯಲ್ಲಿ ವ್ಯತ್ಯಾಸ ಇದ್ದರೆ ಮಾತ್ರ. ಮೇ ತಿಂಗಳ ಮಧ್ಯಾಹ್ನ, 42 ಡಿಗ್ರಿ ಬಿಸಿಲು, ನಾನು ಕಿಟಕಿಯಲ್ಲಿ ನಿಂತು ನೋಡುತ್ತಿರುವಾಗಲೇ ಒಂದು ಮುಂಗುಸಿ ಕ್ಯಾಮೆರಾ ಮುಂದೆ ಆರಾಮಾಗಿ ಹಾದು ಹೋಯಿತು. ಒಂದು ಫೋಟೋ ಇಲ್ಲ! ಆದರೆ ಕಾದ ಎಲೆ ಗಾಳಿಗೆ ಅಲ್ಲಾಡಿದರೆ ಸಾಕು, ಪಟಪಟ ಹೊಡೆಯುತ್ತದೆ. ಮೊದಲ ವಾರ 1,900 ಫೋಟೋ, ಹೆಚ್ಚುಕಮ್ಮಿ ಅಷ್ಟೂ ಪಪ್ಪಾಯಿ ಎಲೆ. ಎಂಟು ಸೆಲ್ ಸುಮ್ನೆ ಖಾಲಿ.

ನಮ್ಮ ಶಹಾಬಾದ್ ಫರ್ಸಿ ಕಂಪೌಂಡು ಇನ್ನೊಂದು ತೊಂದರೆ. ಇಡೀ ದಿನ ಬಿಸಿಲು ಕುಡಿದ ಆ ಕಲ್ಲು ರಾತ್ರಿ ಒಂಬತ್ತಕ್ಕೂ ಕೈ ಇಟ್ಟರೆ ಬೆಚ್ಚಗಿರುತ್ತದೆ, ಅದರ ಎದುರು ಬೆಕ್ಕು ಓಡಾಡಿದರೂ ಕ್ಯಾಮೆರಾಗೆ ಗೊತ್ತಾಗಲ್ಲ. ಈಗ ಬೇವಿನ ಗಿಡಕ್ಕೆ ಮೊಣಕಾಲೆತ್ತರದಲ್ಲಿ ಕಟ್ಟಿ, ಸೂರ್ಯ ನೇರ ಬೀಳದ ಹಾಗೆ ಉತ್ತರಕ್ಕೆ ಮುಖ ಮಾಡಿ, ಎದುರಿನ ಕೊಂಬೆ ಕಡಿದು ಹಾಕಿದ್ದೇನೆ. ಫಾಲ್ತು ಫೋಟೋ ಬಹಳ ಕಡಿಮೆಯಾಯಿತು.

ಕೊಳ್ಳುವಾಗ ರಾತ್ರಿ ಫೋಟೋಕ್ಕೆ ಬೀರುವ ಇನ್‌ಫ್ರಾರೆಡ್ ಲೈಟು 850 ನ್ಯಾನೋಮೀಟರ್ ಅಲೆಯುದ್ದದ್ದೋ 940ರದೋ ಅಂತ ಕೇಳಿ. 850 ದೂರದವರೆಗೆ ಬೆಳಕು ಬೀರುತ್ತದೆ, ಆದರೆ ಕತ್ತಲಲ್ಲಿ ಬೀಡಿ ತುದಿ ಹಾಗೆ ಸಣ್ಣಗೆ ಕೆಂಪು ಕಾಣುತ್ತದೆ. ರಸ್ತೆ ಪಕ್ಕದ ಹಿತ್ತಲಾದರೆ ಕ್ಯಾಮೆರಾನೇ ಮಾಯ ಆಗಬಹುದು, ಅಲ್ವಾ? ನನ್ನದು 940. ಬೆಳಕು ಕಣ್ಣಿಗೆ ಕಾಣಲ್ಲ, ಆದರೆ ಎಂಟು ಮೀಟರ್ ಆಚೆ ಏನಿದ್ದರೂ ಬರೀ ಕಪ್ಪು. ಸಣ್ಣ ಜಾಗಕ್ಕೆ ಸಾಕು. ಪ್ರಾಣಿ ತೀರಾ ಹತ್ತಿರ ಬಂದರೆ ಸುಣ್ಣ ಬಳಿದಂಗೆ ಬೆಳ್ಳಗಾಗುತ್ತದೆ, ಅದಕ್ಕೆ ಅರ್ಧ ಎಲ್‌ಇಡಿ ಮೇಲೆ ಗಾಯಕ್ಕೆ ಹಚ್ಚುವ ಬಿಳಿ ಟೇಪ್ ಅಂಟಿಸಿದೆ. 32 ಜಿಬಿಗಿಂತ ದೊಡ್ಡ ಕಾರ್ಡ್ ನನ್ನದು ಓದಲ್ಲ, ಅದನ್ನೂ ಮೊದಲೇ ನೋಡಿಕೊಳ್ಳಿ.

ರಾತ್ರಿ ಕೆಲಸಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಬೇಸಿಗೆ ಹಗಲಿಗೆ ಒಂದೂ ಇಲ್ಲ.

ಹಾಂ, ಕಳ್ಳ ಸಿಕ್ಕಿತು. ರಾತ್ರಿ 2:17, ಪುನುಗು ಬೆಕ್ಕು, ಕಾಂಡ ತಬ್ಬಿಕೊಂಡು ಹಣ್ಣಿನೊಳಗೆ ಮೂತಿ ಹುದುಗಿಸಿದೆ, ಮೀಸೆಗೆಲ್ಲ ಬೀಜ. ಅವ್ವ ಕನ್ನಡಕ ಹಾಕಿಕೊಂಡು ಎರಡೆರಡು ಸಲ ನೋಡಿದಳು. "ಒಂದ್ ಹಣ್ಣ ಅದಕ್ಕ ಬಿಡು" ಅಂದಳು.