ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್: ಅರ್ಥಕ್ಕೆ ಸೈ, ಪದಕ್ಕೆ ಸಾಲದು

ವಾಕ್‌ಮನ್ ಗಾತ್ರದ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ಸೆಲ್, ಒಂದು ಯುಎಸ್‌ಬಿ ವಯರು. ಆನ್‌ಲೈನಿನಲ್ಲಿ ಸುಮಾರು ಒಂದೂವರೆ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿಗೆ ಸಿಗುತ್ತದೆ. ಮಂಗಳೂರು, ಉಡುಪಿ ಕಡೆ ಇದನ್ನು ತರಿಸುವವರ ಉದ್ದೇಶ ಬಹುಮಟ್ಟಿಗೆ ಒಂದೇ. ಕಪಾಟಿನಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳಿವೆ, ಹಾಕಿ ಕೇಳಲು ಟೇಪ್‌ರೆಕಾರ್ಡರ್ ಉಳಿದಿಲ್ಲ, ಬೂಸ್ಟು ಹಿಡಿದು ಹಾಳಾಗುವ ಮೊದಲು ಕಂಪ್ಯೂಟರಿಗೆ ಇಳಿಸಬೇಕು. ಈ ಪೆಟ್ಟಿಗೆಗಳ ಹೊರಗಿನ ಹೆಸರು ಹತ್ತಾರು, ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಇಲ್ಲಿ ಯಾವ ಕಂಪನಿಯ ಹೆಸರನ್ನೂ ಎತ್ತದೆ ಈ ಜಾತಿಯ ಪ್ಲೇಯರನ್ನೇ ನೋಡಿದ್ದೇವೆ.

ತೀರ್ಪು ಮೊದಲೇ ಹೇಳುತ್ತೇವೆ. ತಾಳಮದ್ದಳೆಯ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ ಕೂಟದ) ಅರ್ಥ, ಅಂದರೆ ಪಾತ್ರಗಳ ಮಾತುಗಾರಿಕೆ, ಕೇಳಲು ಇದು ಸಾಕು. ಭಾಗವತರ, ಅಂದರೆ ಯಕ್ಷಗಾನದ ಹಾಡುಗಾರರ, ಪದವನ್ನು (ಹಾಡನ್ನು) ಕೇಳಿ ಖುಷಿಪಡಲೂ ನಡೆದೀತು. ಆದರೆ ಇದರಿಂದ ಇಳಿಸಿದ ಪ್ರತಿಯೊಂದನ್ನೇ ನಂಬಿ ಆ ಪದದ ಬಗ್ಗೆ ವಿಮರ್ಶೆ ಬರೆಯಲು ಕೂತರೆ, ಪೆಟ್ಟಿಗೆಯ ದೋಷ ಭಾಗವತರ ಹೆಸರಿಗೆ ಬೀಳುತ್ತದೆ.

ಇದು ಸಣ್ಣ ಮಾತಲ್ಲ. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಎಳೆಯ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡರು. ಅರ್ಥ ಹೇಳುವ ಕಲಾವಿದ, ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ, ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ನಾವಡರನ್ನು ರಂಗದಲ್ಲಿ ಕೇಳದ ಒಂದು ಇಡೀ ತಲೆಮಾರಿಗೆ ಅವರ ಕಂಠ ಎಂದರೆ ಧ್ವನಿಮುದ್ರಣದ ಕಂಠವೇ. ಆ ಪ್ರತಿ ಸರಿಯಿಲ್ಲದಿದ್ದರೆ ಅವರ ಬಗ್ಗೆ ನಾವು ಆಡುವ ಮಾತೂ ಸರಿಯಿರುವುದಿಲ್ಲ.

ಮೊದಲ ತೊಂದರೆ ವೇಗದ್ದು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಈ ಅಗ್ಗದ ಪ್ಲೇಯರುಗಳಲ್ಲಿ ಎರಡು ಮೂರು ಶೇಕಡಾ ಹೆಚ್ಚುಕಡಿಮೆ ಆಗುವುದು ಮಾಮೂಲು. ಮಾತಿನಲ್ಲಿ ಅದು ಗೊತ್ತಾಗದು, ಶ್ರುತಿಯಲ್ಲಿ ಗೊತ್ತಾಗುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಹೋಗಲು ಸುಮಾರು ಶೇ. 6 ವ್ಯತ್ಯಾಸ ಸಾಕು. ಕಪ್ಪು ಎರಡರಲ್ಲಿ (ಎರಡನೇ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡಿದ ಪದ ಶೇ. 3 ವೇಗ ಹೆಚ್ಚಿದರೆ ಕಪ್ಪು ಎರಡಕ್ಕೂ ಬಿಳಿ ಮೂರಕ್ಕೂ ನಡುವೆ ನೇತಾಡುತ್ತದೆ: 311 ಹರ್ಟ್ಸ್ ಇರಬೇಕಾದ ಷಡ್ಜ 320 ಆಗುತ್ತದೆ. ಜೊತೆಗೆ ಲಯವೂ ಅಷ್ಟೇ ಚುರುಕಾಗುತ್ತದೆ, ಕಂಠ ತೆಳುವಾಗುತ್ತದೆ. ಕೇಳಿದವರು 'ಆಹಾ, ಆ ಕಾಲದ ಏರು ಶ್ರುತಿ' ಎಂದು ಬರೆದುಬಿಡುತ್ತಾರೆ. ಅದರಲ್ಲಿ ಒಂದು ಪಾಲು ಮೋಟರಿನದ್ದು.

ಪೆಟ್ಟಿಗೆಯ ವೇಗ ಅಳೆಯಲು ಸುಲಭದ ದಾರಿ ಇದೆ. ಕ್ಯಾಸೆಟ್ಟಿನಲ್ಲೂ ಸಿಡಿಯಲ್ಲೂ ಬಂದ ಒಂದೇ ಮುದ್ರಣವನ್ನು ಹುಡುಕಿ. ಸಿನಿಮಾ ಹಾಡಾದರೂ ಅಡ್ಡಿಯಿಲ್ಲ. ಎರಡರಲ್ಲೂ ಒಂದೇ ಉದ್ದನೆಯ ಸ್ವರವನ್ನು ಆರಿಸಿ, ಆಡಾಸಿಟಿ ಎಂಬ ಉಚಿತ ಧ್ವನಿ ಸಾಫ್ಟ್‌ವೇರಿನ 'ಪ್ಲಾಟ್ ಸ್ಪೆಕ್ಟ್ರಂ'ನಲ್ಲಿ ಗಾತ್ರ 65536 ಇಟ್ಟು ನೋಡಿ. ಅದಕ್ಕಿಂತ ಚಿಕ್ಕ ಗಾತ್ರ ಇಟ್ಟರೆ ಒಂದೆರಡು ಹರ್ಟ್ಸಿನ ವ್ಯತ್ಯಾಸ ಕಾಣಿಸದು. ಸಿಡಿಯಲ್ಲಿ 300, ಕ್ಯಾಸೆಟ್ಟಿನಲ್ಲಿ 309 ಬಂದರೆ ಪೆಟ್ಟಿಗೆ ಶೇ. 3 ವೇಗ. ತಿದ್ದುವಾಗ ಮೈನಸ್ 3 ಹಾಕಬಾರದು, 300ನ್ನು 309ರಿಂದ ಭಾಗಿಸಿದರೆ ಬರುವ 0.971, ಅಂದರೆ ಮೈನಸ್ 2.91 ಹಾಕಬೇಕು. ಮತ್ತೊಂದು ಎಚ್ಚರ: 'ಚೇಂಜ್ ಸ್ಪೀಡ್' (ಹೊಸ ಆವೃತ್ತಿಗಳಲ್ಲಿ 'ಚೇಂಜ್ ಸ್ಪೀಡ್ ಆ್ಯಂಡ್ ಪಿಚ್') ಬಳಸಿ, ಬರಿಯ 'ಚೇಂಜ್ ಪಿಚ್' ಅಲ್ಲ. ಟೇಪು ವೇಗ ತಪ್ಪಿದಾಗ ಶ್ರುತಿ, ಲಯ ಎರಡೂ ಕೂಡಿಯೇ ತಪ್ಪುತ್ತವೆ. ಶ್ರುತಿ ಒಂದನ್ನೇ ಇಳಿಸಿದರೆ ಲಯ ಸುಳ್ಳಾಗಿಯೇ ಉಳಿಯುತ್ತದೆ.

ಇದರಿಂದ ಸರಿಯಾಗುವುದು ಪ್ಲೇಯರಿನ ತಪ್ಪು ಮಾತ್ರ. ಆಟ ನಡೆದ ಗದ್ದೆಯಲ್ಲಿ, ಕೂಟ ನಡೆದ ದೇವಸ್ಥಾನದ ಚಾವಡಿಯಲ್ಲಿ ಮುದ್ರಿಸಿಕೊಂಡ ಯಂತ್ರದ ತಪ್ಪು ಬೇರೆಯೇ ಇರುತ್ತದೆ. ಹಿನ್ನೆಲೆಯಲ್ಲಿ ಗುಂಯ್ ಎನ್ನುವ ಕರೆಂಟಿನ ಸದ್ದು 50 ಹರ್ಟ್ಸಿನಲ್ಲೋ ಅದರ ಇಮ್ಮಡಿಯಲ್ಲೋ ಇದೆಯೇ ಎಂದು ನೋಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಎಂಬತ್ತು, ತೊಂಬತ್ತರ ದಶಕದ ಮುದ್ರಣಗಳಿಗೆ ಅದನ್ನು ಪೂರ್ತಿ ನಂಬುವಂತಿಲ್ಲ. ಆಗ ಕರೆಂಟಿನ ಆವರ್ತನವೇ 50ರಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ, ಬಯಲಾಟಕ್ಕೆ ಜನರೇಟರ್ ಇದ್ದರೆ ಇನ್ನೂ ಕಷ್ಟ. ಸೂಚನೆಯಾಗಿ ನೋಡಬಹುದು, ಸಾಕ್ಷಿಯಾಗಿ ಅಲ್ಲ. ಅದಕ್ಕಿಂತ ಅರ್ಥಧಾರಿಯ ಮಾತಿನ ದನಿಯೇ ಒಳ್ಳೆಯ ಅಳತೆಗೋಲು. ಶೇಣಿಯವರ ಮಾತು ಎಷ್ಟು ದಪ್ಪಕ್ಕೆ ಕೇಳುತ್ತಿತ್ತು ಎಂದು ಬಲ್ಲವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರ ಪಕ್ಕ ಕೂತು ಕೇಳಿಸಿ.

ಸೆಲ್ ಹಾಕಿದ ಟೇಪ್‌ರೆಕಾರ್ಡರಿನ ಮುದ್ರಣಗಳಲ್ಲಿ ಇನ್ನೊಂದು ಮೋಸ ಇದೆ, ವಿಮರ್ಶೆ ಬರೆಯುವವರು ಅತಿ ಹೆಚ್ಚು ಎಡವುವುದು ಇಲ್ಲೇ. ರಾತ್ರಿ ಮುಂದುವರಿದಂತೆ ಸೆಲ್ ಸೋಲುತ್ತದೆ, ಮೋಟರ್ ನಿಧಾನವಾಗುತ್ತದೆ. ನಿಧಾನವಾಗಿ ಓಡಿದ ಟೇಪನ್ನು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಪದ ಬರಬರುತ್ತಾ ಚುರುಕಾಗುತ್ತದೆ, ಶ್ರುತಿ ಏರುತ್ತದೆ. ಯುದ್ಧದ ಪ್ರವೇಶಕ್ಕೆ ಭಾಗವತರು ಕಾಲ ಏರಿಸಿದ ಹಾಗೆಯೇ ಕೇಳುತ್ತದೆ. ನಿಜವಾದ ಏರು ಪದ್ಯದಲ್ಲಿ ಲಯ ಏರುತ್ತದೆ, ಶ್ರುತಿಪೆಟ್ಟಿಗೆ ಇದ್ದಲ್ಲೇ ಇರುತ್ತದೆ. ಆದ್ದರಿಂದ ಕ್ಯಾಸೆಟ್ಟಿನ ಒಂದು ಬದಿಯ ಮೊದಲ ನಿಮಿಷದ ಶ್ರುತಿಯನ್ನೂ ಕೊನೆಯ ನಿಮಿಷದ್ದನ್ನೂ ಹೋಲಿಸಿ ನೋಡದೆ ಲಯದ ಬಗ್ಗೆ ಒಂದು ವಾಕ್ಯವನ್ನೂ ಬರೆಯಬೇಡಿ. ಶ್ರುತಿ ಮೆಲ್ಲಗೆ ಏರಿದ್ದರೆ ಆಡಾಸಿಟಿಯ 'ಟೈಮ್ ಟ್ರ್ಯಾಕ್' ಸೇರಿಸಿ, ಅದರ ಗೆರೆಯನ್ನು ಬದಿಯ ಕೊನೆಗೆ ಹೋಗುತ್ತಾ ಸ್ವಲ್ಪ ಸ್ವಲ್ಪ ಕೆಳಗಿಳಿಸಿ. ಶ್ರುತಿ, ಲಯ ಎರಡೂ ಒಟ್ಟಿಗೆ ನೇರವಾಗುತ್ತವೆ.

ಚೆಂಡೆಯ ಮೇಲೆ ಬರುವ ಅಪವಾದವೂ ಇಂಥದ್ದೇ. ಚೆಂಡೆ ಬಿದ್ದ ಕೂಡಲೇ ಭಾಗವತರ ದನಿ ಅಡಗುತ್ತದೆ, ಒಂದೆರಡು ಸೆಕೆಂಡಿನಲ್ಲಿ ಮತ್ತೆ ಮೇಲೆ ಬರುತ್ತದೆ. 'ಚೆಂಡೆಯವರು ಪದವನ್ನು ನುಂಗಿದರು' ಎಂದು ಬರೆಯುವುದು ಸುಲಭ. ಆ ಕಾಲದ ಟೇಪ್‌ರೆಕಾರ್ಡರುಗಳಲ್ಲಿ ಸದ್ದಿನ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ಸರ್ಕ್ಯೂಟ್ ಇರುತ್ತಿತ್ತು. ದೊಡ್ಡ ಪೆಟ್ಟು ಬಂದೊಡನೆ ಎಲ್ಲವನ್ನೂ ತಗ್ಗಿಸುತ್ತದೆ, ಆಮೇಲೆ ನಿಧಾನಕ್ಕೆ ಬಿಡುತ್ತದೆ. ಗುರುತು ಹಿಡಿಯಲು ಪೆಟ್ಟಿನ ನಂತರ ಹಿನ್ನೆಲೆಯನ್ನು ಕೇಳಿ. ಭಾಗವತರ ದನಿಯ ಜೊತೆಗೆ ಸಭೆಯ ಗಲಾಟೆ, ಜೀರುಂಡೆ, ಜನರೇಟರಿನ ಸದ್ದೂ ಮೇಲೇಳುತ್ತಿದ್ದರೆ ಅದು ಯಂತ್ರದ ಕೆಲಸ. ಚೆಂಡೆಯವರಿಗೆ ಅದರಲ್ಲಿ ಏನೂ ಪಾಲಿಲ್ಲ. ಇದನ್ನು ಈಗ ತಿದ್ದಲು ಆಗುವುದಿಲ್ಲ, ತಿಳಿದುಕೊಂಡಿರಬೇಕು ಅಷ್ಟೆ.

ಇನ್ನು ಚಕ್ರತಾಳ (ಲೋಹದ ದೊಡ್ಡ ತಾಳ), ಮದ್ದಳೆಯ ಮಾತು. ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ ಟೇಪಿಗೆ ಸರಿಯಾಗಿ ಲಂಬವಾಗಿ ಕೂತಿಲ್ಲದಿದ್ದರೆ ಮೇಲಿನ ಆವರ್ತನಗಳು ಹೋಗುತ್ತವೆ, ಚಕ್ರತಾಳ ಕಂಬಳಿ ಹೊದ್ದ ಹಾಗೆ ಕೇಳುತ್ತದೆ, ಪದದಲ್ಲಿ ಸಕಾರ, ಶಕಾರ ಮಂಕಾಗುತ್ತವೆ. ಹೆಡ್ಡಿನ ಒಂದು ಪಕ್ಕ ಸ್ಪ್ರಿಂಗ್ ಹಾಕಿದ ಸಣ್ಣ ಸ್ಕ್ರೂ ಇರುತ್ತದೆ. ಹಾಡುತ್ತಿರುವಾಗಲೇ ವಾಚಿನ ಸ್ಕ್ರೂಡ್ರೈವರಿನಿಂದ ಅದನ್ನು ಒಂದೊಂದು ಕೂದಲೆಳೆಯಷ್ಟು ತಿರುಗಿಸಿ, ಹೆಡ್‌ಫೋನಿನಲ್ಲಿ ಚಕ್ರತಾಳ ಅತಿ ಸ್ಪಷ್ಟವಾಗುವ ಕಡೆ ನಿಲ್ಲಿಸಬೇಕು. ಕಾಲು ಸುತ್ತಿಗಿಂತ ಹೆಚ್ಚು ಬೇಡ. ಸ್ಟೀರಿಯೊವನ್ನು ಮೋನೊ ಮಾಡಿ ಕೇಳಿದರೆ ಸರಿಯಾದ ಜಾಗ ಬೇಗ ಸಿಗುತ್ತದೆ. ಒಬ್ಬರ ಯಂತ್ರದಲ್ಲಿ ಮುದ್ರಿಸಿದ ಕ್ಯಾಸೆಟ್ ಇನ್ನೊಬ್ಬರದ್ದಕ್ಕೆ ಒಪ್ಪದು, ಪ್ರತಿ ಕ್ಯಾಸೆಟ್ಟಿಗೂ ಹೀಗೆ ನೋಡಬೇಕು. ಕ್ಯಾಸೆಟ್ ತೆಗೆಯದೆ ಬದಿ ಬದಲಾಯಿಸುವ ಮಾದರಿಗಳಲ್ಲಿ ಒಂದು ದಿಕ್ಕಿಗೆ ಸರಿಮಾಡಿದರೆ ಇನ್ನೊಂದು ದಿಕ್ಕಿಗೆ ತಪ್ಪುತ್ತದೆ. ಒಂದೇ ದಿಕ್ಕಿನಲ್ಲಿ ಓಡಿಸಿ, ಬದಿಯನ್ನು ಕೈಯಲ್ಲೇ ಮಗುಚಿ ಹಾಕಿ.

ಈ ಪೆಟ್ಟಿಗೆ ಅತಿ ಕೆಟ್ಟದಾಗಿ ಸೋಲುವುದು ಚೆಂಡೆಯ ಪೆಟ್ಟಿನ ಮುಂದೆ. ಒಳಗಿನ ಯುಎಸ್‌ಬಿ ಚಿಪ್ಪಿಗೆ ಹೋಗುವ ಸದ್ದು ಮೊದಲೇ ಹೆಚ್ಚಿರುತ್ತದೆ, ಪೆಟ್ಟಿನ ತುದಿ ಕತ್ತರಿಸಿ ಹೋಗುತ್ತದೆ. ಕಂಪ್ಯೂಟರಿನಲ್ಲಿ ಮೈಕಿನ ಮಟ್ಟ ತಗ್ಗಿಸಿದರೆ ಅಲೆ ಚಿಕ್ಕದಾಗಿ ಕಾಣುತ್ತದೆ, ಆದರೆ ತುದಿ ಚಪ್ಪಟೆಯಾಗಿಯೇ ಇರುತ್ತದೆ, ಯಾಕೆಂದರೆ ಕತ್ತರಿ ಬಿದ್ದದ್ದು ಅದಕ್ಕೂ ಮೊದಲು. ಅಲೆಯನ್ನು ದೊಡ್ಡದು ಮಾಡಿ ನೋಡಿ: ತುದಿ ಮೊನಚಾಗಿದ್ದರೆ ಸರಿ, ಮೇಜಿನಂತಿದ್ದರೆ ಪ್ಲೇಯರಿನ ವಾಲ್ಯೂಮ್ ಚಕ್ರವನ್ನೇ ಇಳಿಸಿ. ಕೆಲವು ಮಾದರಿಗಳಲ್ಲಿ ಆ ಚಕ್ರ ಯುಎಸ್‌ಬಿ ಸದ್ದನ್ನು ಮುಟ್ಟುವುದೇ ಇಲ್ಲ. ಅಂಥದ್ದು ಸಿಕ್ಕಿದರೆ ಹಿಂತಿರುಗಿಸುವುದೇ ಲೇಸು. ಅತಿ ದೊಡ್ಡ ಪೆಟ್ಟು ಮೈನಸ್ 6 ಡೆಸಿಬೆಲ್ ಮೀರದಂತೆ ಇಟ್ಟರೆ ನಿಶ್ಚಿಂತೆ. ವಿಂಡೋಸಿನಲ್ಲಿ ಧ್ವನಿಯನ್ನು 'ಉತ್ತಮಪಡಿಸುವ' ಆಯ್ಕೆಗಳು ಏನಿದ್ದರೂ ಮೊದಲು ಆಫ್ ಮಾಡಬೇಕು. ಅವು ಮನುಷ್ಯರ ಮಾತಿಗೆಂದು ಮಾಡಿದವು, ಮದ್ದಳೆಯನ್ನು ಗಲಾಟೆ ಎಂದು ತಿಳಿದು ಒರೆಸುತ್ತವೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಿಟ್ಟು ಬ್ಯಾಟರಿಯಲ್ಲೇ ಓಡಿಸಿದರೆ ಕೀರಲು ಸದ್ದು ಎಷ್ಟೋ ಕಡಿಮೆ.

ಟೇಪಿನ ಸುಯ್ ಸದ್ದು ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಆಡಾಸಿಟಿಯ 'ನಾಯ್ಸ್ ರಿಡಕ್ಷನ್'ನಲ್ಲಿ 6 ಡೆಸಿಬೆಲ್ ದಾಟಬೇಡಿ. 12, 18 ಎಂದು ಹೋದರೆ ಮದ್ದಳೆಯ ಧೀಂಕಾರದ ಬಾಲ, ಚಕ್ರತಾಳದ ಗುಂಗು, ಭಾಗವತರು ಉಸಿರು ಎಳೆದುಕೊಳ್ಳುವ ಸದ್ದು ಮೂರೂ ಹೋಗುತ್ತವೆ, ನೀರಿನೊಳಗಿಂದ ಹಾಡಿದಂತೆ ಆಗುತ್ತದೆ. ಆ ಉಸಿರು ಬೇಕು. ಪಲ್ಲವಿಯನ್ನು ಎಲ್ಲಿ ಒಡೆದರು, ಎಲ್ಲಿ ಒಂದೇ ಉಸಿರಿನಲ್ಲಿ ಎಳೆದರು ಎಂದು ಗೊತ್ತಾಗುವುದೇ ಅದರಿಂದ.

ಹಾಕುವ ಮೊದಲಿನ ತಯಾರಿ ಬಗ್ಗೆ ಒಂದಿಷ್ಟು. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿಯಂತೆ ಬೂಸ್ಟು ಕೂರುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಅದು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ರಬ್ಬರ್ ಚಕ್ರಕ್ಕೆ ಅಂಟಿ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಅಂಥದ್ದನ್ನು ಬೇರೆ ಇಟ್ಟು, ಒಣ ಹವೆಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ತುಂಡು ಬಿದ್ದುಹೋಗಿದ್ದರೆ ದನಿ ಬಂದು ಬಂದು ಹೋಗುತ್ತದೆ. ಐದು ಸ್ಕ್ರೂ ಇರುವ ಕವಚವಾದರೆ ಬಿಚ್ಚಿ, ಬೇಡದ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿಗಳನ್ನು ವರ್ಗಾಯಿಸಬಹುದು. ಅಂಟಿಸಿ ಮುಚ್ಚಿದ ಕವಚವನ್ನು ಬ್ಲೇಡಿನಿಂದ ಬಿಡಿಸಬೇಕಾಗುತ್ತದೆ, ಕೈ ಪಳಗಿರದಿದ್ದರೆ ಬೇಡ. 90 ನಿಮಿಷದ ಟೇಪು 60ರದ್ದಕ್ಕಿಂತ ತೆಳು. ಮೊದಲು ಆರು ಮೂಲೆಯ ಪೆನ್ಸಿಲಿನಿಂದ ಸುತ್ತಿ ನೋಡಿ, ಸಲೀಸಾಗಿ ತಿರುಗಿದರೆ ಮಾತ್ರ ಯಂತ್ರಕ್ಕೆ. ಹೆಡ್, ರಬ್ಬರ್ ಚಕ್ರಗಳನ್ನು ಎರಡು ಮೂರು ಕ್ಯಾಸೆಟ್ಟಿಗೊಮ್ಮೆ ಒರೆಸಿ. ಹೆಡ್ಡಿಗೆ ಬೇಕಾದ ಐಸೊಪ್ರೊಪೈಲ್ ಆಲ್ಕೋಹಾಲ್ ಮೊಬೈಲ್ ರಿಪೇರಿಯವರ ಬಳಿ ಇರುತ್ತದೆ. ರಬ್ಬರಿಗೆ ಒದ್ದೆ ಬಟ್ಟೆ ಸಾಕು.

ಹಾಗಾದರೆ ಪೆಟ್ಟಿಗೆಯಿಂದ ಏನೂ ಪ್ರಯೋಜನವಿಲ್ಲವೇ? ಇದೆ. ಕೂಟದ ಅರ್ಥ ಕೇಳಲು ಮಾತು ಸ್ಪಷ್ಟವಿದ್ದರೆ ಆಯಿತು, ಅದನ್ನು ಇದು ಕೊಡುತ್ತದೆ. ಪೀಠಿಕೆ, ವಾದ, ಪ್ರತಿವಾದ, ಸಭೆಯ ನಗು ಎಲ್ಲ ಬರುತ್ತದೆ. ನೂರು ಕ್ಯಾಸೆಟ್ಟಿದ್ದಲ್ಲಿ ಯಾವುದರಲ್ಲಿ ಏನಿದೆ ಎಂದು ಪಟ್ಟಿ ಮಾಡಲು ಇದಕ್ಕಿಂತ ಅಗ್ಗದ ಸಾಧನ ಇಲ್ಲ. ಪಟ್ಟಿ ಆದ ಮೇಲೆ ಪದಕ್ಕಾಗಿ ಉಳಿಸಬೇಕಾದ ಹತ್ತಿಪ್ಪತ್ತನ್ನು ಆರಿಸಿ, ರಿಪೇರಿ ಮಾಡಿಸಿದ ಹಳೆಯ ದೊಡ್ಡ ಕ್ಯಾಸೆಟ್ ಡೆಕ್ಕಿನಲ್ಲಿ ಹಾಕಿ. ಭಾರದ ಚಕ್ರವಿರುವ ಡೆಕ್ಕಿನಲ್ಲಿ ಶ್ರುತಿಪೆಟ್ಟಿಗೆಯ ಎಳೆತ ಅಲುಗಾಡುವುದಿಲ್ಲ, ಸಣ್ಣ ಪ್ಲೇಯರಿನಲ್ಲಿ ಅದು ತುಳುಕುತ್ತಲೇ ಇರುತ್ತದೆ. ಆ ತುಳುಕನ್ನು ಆಮೇಲೆ ಯಾವ ಸಾಫ್ಟ್‌ವೇರಿನಲ್ಲೂ ಸುಲಭಕ್ಕೆ ತೆಗೆಯಲಾಗದು. ಡೆಕ್ಕಿನ ಲೈನ್ ಔಟನ್ನು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಚುಚ್ಚಬೇಡಿ, ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಅಲ್ಲಿರುವುದು ಮೋನೊ ಮೈಕಿನ ದಾರಿ. ಲೈನ್ ಇನ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಬೇಕು.

ಇಳಿಸಿದ್ದನ್ನು ವೇವ್ ಅಥವಾ ಫ್ಲ್ಯಾಕ್ ಆಗಿ ಇಡಿ. 44100 ಹರ್ಟ್ಸ್, 16 ಬಿಟ್ ಸ್ಟೀರಿಯೊ ವೇವ್ ಗಂಟೆಗೆ ಸುಮಾರು 635 ಎಂಬಿ ಹಿಡಿಯುತ್ತದೆ, ಮೋನೊ ಆದರೆ ಅದರ ಅರ್ಧ. ಫೈಲಿನ ಹೆಸರಿನಲ್ಲಿ ಪ್ರಸಂಗ, ಭಾಗವತರು, ಬದಿ ಇರಲಿ. ಜೊತೆಗೊಂದು ಚೀಟಿಯಲ್ಲಿ ಯಾವ ಯಂತ್ರದಲ್ಲಿ ಓಡಿಸಿದ್ದು, ವೇಗ ಎಷ್ಟು ತಿದ್ದಿದ್ದು, ಸದ್ದು ಎಷ್ಟು ಇಳಿಸಿದ್ದು ಬರೆದಿಡಿ. ಆ ಪದದ ಬಗ್ಗೆ ಲೇಖನ ಬರೆಯುವವರು ಈ ಮೂರು ವಿವರವನ್ನು ಲೇಖನದ ಮೊದಲ ಪ್ಯಾರಾದಲ್ಲೇ ಕೊಡಲಿ. ತಿದ್ದದ ಮೂಲ ಫೈಲನ್ನೂ ಕ್ಯಾಸೆಟ್ಟನ್ನೂ ಎಸೆಯಬೇಡಿ. ಶ್ರುತಿ ಕಪ್ಪು ಎರಡೋ ಬಿಳಿ ಮೂರೋ ಎಂಬ ಪ್ರಶ್ನೆ ಮುಂದೆ ಎದ್ದರೆ ಮತ್ತೆ ಅಳೆಯಲು ಬೇಕಾಗುವುದು ಅವೆರಡೇ.