ಗುಬ್ಬಿಯ ಸಭೆ, ಲಂಡನ್ನಿನ ಕಡತ: ಸೋಆಸ್ ದಾಖಲಾಗಾರ ನಮಗೆಷ್ಟು ಉಪಯೋಗ?

ಹಳ್ಳಿಯ ಮೆಥಡಿಸ್ಟ್ ಕ್ರೈಸ್ತ ಸಭೆಯ (ಚರ್ಚಿನ) ಚರಿತ್ರೆ ಬರೆಯಲು ಹೊರಟವರು, ಇಂಗ್ಲೆಂಡಿನ ಮೆಥಡಿಸ್ಟ್ ಮಿಷನ್ನಿನ ಹಳೆಯ ಕಾಗದಪತ್ರಗಳಿರುವ ಲಂಡನ್ನಿನ ಸೋಆಸ್ (ಸ್ಕೂಲ್ ಆಫ್ ಓರಿಯಂಟಲ್ ಅಂಡ್ ಆಫ್ರಿಕನ್ ಸ್ಟಡೀಸ್) ಗ್ರಂಥಾಲಯಕ್ಕೆ ಅರ್ಜಿ ಹಾಕುವ ಮುನ್ನ ಒಂದನ್ನು ಗಟ್ಟಿ ಮಾಡಿಕೊಳ್ಳಬೇಕು: ಸಭೆ ಯಾವ ಮಿಷನ್ನಿನದು? ಗುಬ್ಬಿ, ತುಮಕೂರು, ಹಾಸನದ ಕಡೆ ಕೆಲಸ ಮಾಡಿದವರು ವೆಸ್ಲಿಯನ್ನರು, ಅಂದರೆ ಇಂಗ್ಲೆಂಡಿನ ಮೆಥಡಿಸ್ಟರು. ಅವರ ಸಭೆಗಳು 1947ರಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸೇರಿದವು. ಕೋಲಾರ, ಬೀದರ್ ಸಭೆಗಳು ಅಮೆರಿಕದ ಮೆಥಡಿಸ್ಟರ ಪರಂಪರೆ. ಅವುಗಳ ಕಾಗದಪತ್ರಕ್ಕಾಗಿ ಸೋಆಸ್‌ನಲ್ಲಿ ಹುಡುಕುವುದು ದಂಡ.

ವೆಸ್ಲಿಯನ್ ಸಭೆಗಳಿಗೆ ಮಾತ್ರ ಇದು ನಿಜಕ್ಕೂ ಭಂಡಾರ. ಗುಬ್ಬಿಯನ್ನೇ ನೋಡಿ. 1837ರಲ್ಲಿ ಮಿಷನರಿ ಥಾಮಸ್ ಹಾಡ್ಸನ್ ಅಲ್ಲಿ ಕೆಲಸ ಆರಂಭಿಸಿದರು, 1839ರಲ್ಲಿ ವಿಲಿಯಂ ಆರ್ಥರ್ ಬಂದು ಸೇರಿದರು. ಆ ಕಾಲದಿಂದ ಮಿಷನರಿಗಳು ಲಂಡನ್ನಿಗೆ ಬರೆದ ಪತ್ರಗಳು, ಸಿನಡ್ (ಮಿಷನ್ ಜಿಲ್ಲೆಯ ಆಡಳಿತ ಕೂಟ) ನಡಾವಳಿಗಳು 'ಮೈಸೂರು' ಎಂಬ ಮಿಷನ್ ಜಿಲ್ಲೆಯ ಹೆಸರಿನಲ್ಲಿ ಸಿಗುತ್ತವೆ. ಕ್ಯಾಟಲಾಗನ್ನು ಮನೆಯಲ್ಲೇ ಕೂತು ನೋಡಬಹುದು, ಆದರೆ ಅದರಲ್ಲಿರುವುದು ಕಡತಗಳ ವಿವರವೇ ಹೊರತು ಪ್ರತಿ ಪತ್ರದ ಸಾರವಲ್ಲ. ನಿಮ್ಮ ಹಳ್ಳಿಯ ಹೆಸರು ಹಾಕಿ ಹುಡುಕಿ ಏನೂ ಬರಲಿಲ್ಲವೆಂದು ಕೈಬಿಡಬೇಡಿ. ಜಿಲ್ಲೆ ಮತ್ತು ವರ್ಷ ಹಿಡಿದು ಹುಡುಕಿ, ಊರಿನ ಹೆಸರಿನ ಹಳೆಯ ಇಂಗ್ಲಿಷ್ ಕಾಗುಣಿತಗಳನ್ನೂ ಪಟ್ಟಿ ಮಾಡಿಟ್ಟುಕೊಳ್ಳಿ. ಬೇಕಾದ ಕಡತಗಳನ್ನು ಮುಂಚಿತವಾಗಿ ಕೇಳಿಡಬೇಕು. ಓದುವ ಕೋಣೆಗೆ ಪೆನ್ನು ಒಯ್ಯುವಂತಿಲ್ಲ, ಪೆನ್ಸಿಲ್ ಸಾಕು.

ಹೆಚ್ಚು ಜನ ಎಡವುವುದು ಅಂಕಿಗಳಲ್ಲಿ. ಸದಸ್ಯರ ವಾರ್ಷಿಕ ಪಟ್ಟಿಯಲ್ಲಿ ಪೂರ್ಣ ಸದಸ್ಯರು ಒಂದು ಕಾಲಂ, ಸದಸ್ಯತ್ವಕ್ಕಾಗಿ ಪರೀಕ್ಷಾವಧಿಯಲ್ಲಿರುವವರು ಇನ್ನೊಂದು. ದೀಕ್ಷಾಸ್ನಾನವಾದ ಮಕ್ಕಳು ಪೂರ್ಣ ಸದಸ್ಯರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮೊದಲ ಕಾಲಂ ನೋಡಿ 'ಊರಿನಲ್ಲಿ ಇಷ್ಟೇ ಕ್ರೈಸ್ತರಿದ್ದರು' ಎಂದು ಬರೆದರೆ ತಪ್ಪಾಗುತ್ತದೆ. ಎರಡನೆಯದಾಗಿ, ಆ ಅಂಕಿ ಸಾಮಾನ್ಯವಾಗಿ ಇಡೀ ಸರ್ಕ್ಯೂಟಿನದು (ಒಟ್ಟಿಗೆ ನಡೆಸುವ ಹಲವು ಸಭೆಗಳ ಗುಂಪು), ಒಂದು ಹಳ್ಳಿಯದಲ್ಲ. ಸರ್ಕ್ಯೂಟ್ ಒಡೆದು ಎರಡಾದ ವರ್ಷ ಸಂಖ್ಯೆ ದಿಢೀರನೆ ಇಳಿಯುತ್ತದೆ. ಅದನ್ನೇ 'ಸಭೆ ಕ್ಷೀಣಿಸಿತು' ಎಂದು ಓದಿದವರಿದ್ದಾರೆ. ಪಕ್ಕದ ಹೊಸ ಸರ್ಕ್ಯೂಟಿನ ಅಂಕಿಯನ್ನೂ ಕೂಡಿಸಿ ನೋಡಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ನನ್ನ ಮಟ್ಟಿಗೆ ಈ ಸಂಗ್ರಹದ ಅತ್ಯಂತ ಬೆಲೆಯುಳ್ಳ ಭಾಗ ಮಿಷನ್ನಿನ ಮಹಿಳಾ ವಿಭಾಗದ ಪತ್ರಗಳು. ಅವು ಬೇರೆಯೇ ಸರಣಿಯಲ್ಲಿರುವುದರಿಂದ ಬಹಳಷ್ಟು ಜನ ಅತ್ತ ತಿರುಗುವುದೇ ಇಲ್ಲ. ಹೆಣ್ಣುಮಕ್ಕಳ ಶಾಲೆ, ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಹೇಳಿಕೊಡುತ್ತಿದ್ದ 'ಬೈಬಲ್ ಸ್ತ್ರೀಯರು', ಹಾಸನದ ಅನಾಥಾಲಯ, ಇವುಗಳ ಹಿಂದೆ ಹೋಗುವವರು ಮೊದಲು ಕೇಳಬೇಕಾದ್ದು ಇದನ್ನೇ. 1876–78ರ ಬರಗಾಲದ ನಂತರ ಬೆಳೆದ ಸಭೆಗಳನ್ನು ಅರಿಯಲು ಅನಾಥಾಲಯಗಳ ಕಥೆ ಬೇಕೇ ಬೇಕು.

ಕೊರತೆಯೂ ದೊಡ್ಡದೇ. ಇಲ್ಲಿರುವುದು ಬಹುಪಾಲು ಮಿಷನರಿಯ ಕಣ್ಣು, ಅದೂ ಹಣ ಕಳಿಸುವವರಿಗೆ ಬರೆದದ್ದು. ನಮ್ಮ ಉಪದೇಶಿಗಳು ಎಷ್ಟೋ ಕಡೆ ಹೆಸರಿಲ್ಲದೆ 'ಸ್ಥಳೀಯ ಸಹಾಯಕ' ಆಗಿ ಉಳಿದಿದ್ದಾರೆ. ಯಾರು, ಯಾರ ಮಗ, ಯಾವ ಊರು ಎಂಬುದಕ್ಕೆ ಸಭೆಯ ದೀಕ್ಷಾಸ್ನಾನ, ವಿವಾಹ, ಸಮಾಧಿ ರಿಜಿಸ್ಟರ್‌ಗಳೇ ಗತಿ. ಗೆದ್ದಲು ಹಿಡಿಯುವುದೂ ಅವಕ್ಕೇ. ಆದ್ದರಿಂದ ಲಂಡನ್ನಿಗೆ ಖರ್ಚು ಮಾಡುವ ಮೊದಲು ಸಭಾಪಾಲಕರ ಅನುಮತಿ ಪಡೆದು ರಿಜಿಸ್ಟರಿನ ಪ್ರತಿ ಪುಟದ ಫೋಟೋ ತೆಗೆಯಿರಿ, ರಟ್ಟಿನ ಒಳಬದಿಯನ್ನೂ ಬಿಡಬೇಡಿ. ಆಮೇಲೆ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ವಿಚಾರಿಸಿ. ಸೋಆಸ್ ಮೂರನೆಯದು.